ಕಾಣದ ಎಣ್ಣೆಗೂ ವಯಸ್ಸಾಗುತ್ತದೆ

ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ನನ್ನ ಕಾರಿನ ಸುತ್ತ ಒಂದಿಬ್ಬರು ಹುಡುಗರಾದರೂ ನಿಂತಿರುತ್ತಾರೆ. ಕಿಟಕಿಯೊಳಗೆ ಇಣುಕಿ, "ಮೇಷ್ಟ್ರೇ, ಇದ್ರಲ್ಲಿ ಕ್ಲಚ್ಚೇ ಇಲ್ವಾ?" ಎಂದು ಕೇಳುತ್ತಾರೆ. ಎಡಗಾಲಿನಿಂದ ಒತ್ತುವ ಆ ಪೆಡಲ್ ಇಲ್ಲ ಎಂಬ ಕಾರಣಕ್ಕೇ ಆ ಕಾರು ನಮ್ಮ ಮನೆಗೆ ಬಂದದ್ದು. ನಾನು ಮೂರು ವರ್ಷದ ಮಗುವಾಗಿದ್ದಾಗ ಪೋಲಿಯೊ ಬಂದು ಎಡಗಾಲಿನ ಶಕ್ತಿ ಹೋಯಿತು. ತಾಳವಾಡಿಯ ಸುತ್ತಮುತ್ತಲ ಶಾಲೆಗಳಲ್ಲಿ ಮೂವತ್ತು ವರ್ಷ ಪಾಠ ಹೇಳಿದ್ದು, ಹಿಂದೆ ಜೋಡಿ ಚಕ್ರ ಕಟ್ಟಿಸಿದ ಸ್ಕೂಟರಿನಲ್ಲಿ ಓಡಾಡಿಕೊಂಡೇ. ನಿವೃತ್ತಿಯಾದ ವರ್ಷ, ಅಂದರೆ 2017ರಲ್ಲಿ, ಒಂದು ಹಳೆಯ ಆಟೋಮ್ಯಾಟಿಕ್ ಕಾರು ಕೊಂಡೆ. ಆಗಲೇ ಅದು 52 ಸಾವಿರ ಕಿಲೋಮೀಟರ್ ಓಡಿತ್ತು.

ಕೊಂಡ ಹೊಸದರಲ್ಲಿ ಅದು ಬರೀ ಸಂತೋಷದ ವಸ್ತು. 2019ರಲ್ಲಿ ನನ್ನ ಹೆಂಡತಿಗೆ ಎದೆಯ ಗಂಟಿಗಾಗಿ ಕೊಯಮತ್ತೂರಿನಲ್ಲಿ ಆಪರೇಷನ್ ಆಯಿತು. ಅಂದಿನಿಂದ ಕಾರು ಮನೆಯ ಅಗತ್ಯವಾಯಿತು. ಮೊದಮೊದಲು ಮೂರು ತಿಂಗಳಿಗೊಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ ತಪಾಸಣೆ. ಹೋಗಲು ನೂರು ಕಿಲೋಮೀಟರಿಗೂ ಹೆಚ್ಚು ದಾರಿ. ನಡುವೆ ದಿಂಬಂ ಘಟ್ಟ, ಅದರ 27 ಹೇರ್‌ಪಿನ್ ತಿರುವುಗಳು. ಪ್ರತಿ ಸಲವೂ ನಾನೇ ಕರೆದುಕೊಂಡು ಹೋಗಿ ನಾನೇ ಕರೆತಂದೆ. ಬೇರೆಯವರ ಮನೆ ಬಾಗಿಲಿಗೆ ಹೋಗಿ "ಸ್ವಲ್ಪ ಆಸ್ಪತ್ರೆಗೆ ಬಿಡ್ತೀರಾ?" ಎಂದು ಕೇಳಬೇಕಾಗಿ ಬರಲಿಲ್ಲ. ಅಂಗವಿಕಲನಾದವನಿಗೆ ಇದು ಎಷ್ಟು ದೊಡ್ಡ ಮಾತು ಎಂಬುದನ್ನು ಬಲ್ಲವರೇ ಬಲ್ಲರು.

ಕಾರಿಗೆ ಇಂಜಿನ್ ಆಯಿಲನ್ನು ತಪ್ಪದೆ ಹಾಕಿಸುತ್ತಿದ್ದೆ. ಒಮ್ಮೆ ಸರ್ವೀಸಿಗೆ ಬಿಟ್ಟಾಗ, "ಗೇರ್‌ಬಾಕ್ಸಿನ ಎಣ್ಣೆಯನ್ನೂ ಬದಲಿಸಬೇಕೇ?" ಎಂದು ಕೇಳಿದೆ. ಅಲ್ಲಿದ್ದ ಹುಡುಗ, "ಅದು ಲೈಫ್‌ಟೈಮ್ ಆಯಿಲ್ ಸಾರ್, ಮುಟ್ಟೋದೇ ಬೇಡ" ಎಂದ. ನಿಜ ಹೇಳುತ್ತೇನೆ, ನನಗೆ ಒಳಗೊಳಗೇ ಖುಷಿಯಾಯಿತು. ಹಣ ಉಳಿಯಿತಲ್ಲ! ಮರುಪ್ರಶ್ನೆ ಕೇಳಲಿಲ್ಲ. ಕಾರಿನ ಜೊತೆ ಬಂದ ಪುಸ್ತಕವನ್ನು ತೆರೆದೂ ನೋಡಲಿಲ್ಲ. ಮಕ್ಕಳಿಗೆ "ಪುಸ್ತಕ ಓದಿ" ಎಂದು ಜೀವಮಾನವಿಡೀ ಹೇಳಿದ ಮೇಷ್ಟ್ರು ನಾನು.

2023ರ ಜುಲೈ ತಿಂಗಳು. ತಪಾಸಣೆ ಮುಗಿಸಿ ಹಿಂದಿರುಗುತ್ತಿದ್ದೆವು. ಬಣ್ಣಾರಿ ದಾಟಿ ಘಟ್ಟ ಹತ್ತುತ್ತಿದ್ದಾಗ ಮುಂದೆ ಒಂದು ಕಬ್ಬಿನ ಲಾರಿ ತಿರುವಿನಲ್ಲಿ ತಿಣುಕುತ್ತಿತ್ತು. ಅದರ ಹಿಂದೆ ನಿಂತು ನಿಂತು ಹತ್ತಿದೆವು. ಹತ್ತನೆಯ ತಿರುವಿರಬೇಕು, ಆಕ್ಸಿಲರೇಟರ್ ಒತ್ತಿದರೆ ಇಂಜಿನ್ ಕೂಗಿತು, ಕಾರು ಮಾತ್ರ ಮುಂದಕ್ಕೆ ಹೋಗಲಿಲ್ಲ. ಎರಡು ಕ್ಷಣ ಬಿಟ್ಟು ಧಡಕ್ಕನೆ ಹಾರಿದಂತೆ ಹೊರಟಿತು. ಹಿಂದೆ ಬಸ್ಸು, ಪಕ್ಕದಲ್ಲಿ ಪ್ರಪಾತ. "ರೀ, ಏನಾಯ್ತು?" ಎಂದಳು ಹೆಂಡತಿ. "ಏನಿಲ್ಲ, ಪೆಟ್ರೋಲು ಸರಿಯಿಲ್ಲ ಅಂತ ಕಾಣುತ್ತೆ" ಎಂದೆ.

ಆಮೇಲೆ ಒಂದೊಂದೇ ಲಕ್ಷಣ ಕಾಣತೊಡಗಿತು. ಬೆಳಿಗ್ಗೆ ರಿವರ್ಸ್ ಹಾಕಿದರೆ ಎರಡು ಮೂರು ಸೆಕೆಂಡು ಯೋಚಿಸಿ ಹಿಂದಕ್ಕೆ ಬರುತ್ತಿತ್ತು. ಐವತ್ತರ ವೇಗದಲ್ಲಿ ನಿಧಾನವಾಗಿ ಹೋಗುತ್ತಿದ್ದಾಗ, ಉಬ್ಬುತಗ್ಗಿನ ರಸ್ತೆಯ ಮೇಲೆ ಹೋದಂತೆ ಕಾರು ನಡುಗುತ್ತಿತ್ತು. ನಮ್ಮ ಬೀದಿಯ ಒಬ್ಬರಲ್ಲಿ ಕೇಳಿದೆ. "ಹಳೇ ಕಾರಿಗೆ ಹೊಸ ಎಣ್ಣೆ ಹಾಕಿದ್ರೆ ಗೇರೇ ಹೋಗ್ಬಿಡುತ್ತೆ ಮೇಷ್ಟ್ರೇ, ನಮ್ಮ ಭಾವನದು ಹಂಗೇ ಆಯ್ತು" ಎಂದರು. ನನಗೆ ಬೇಕಾಗಿದ್ದೂ ಅಂಥದೇ ಒಂದು ಮಾತು. ನಾಲ್ಕು ತಿಂಗಳು ಸುಮ್ಮನಿದ್ದೆ.

ನವೆಂಬರಿನಲ್ಲಿ ಕೊಯಮತ್ತೂರಿಗೆ ಹೋದಾಗ, ಅಲ್ಲಿ ಗೇರ್‌ಬಾಕ್ಸಿನ ಕೆಲಸವನ್ನೇ ಮಾಡುವ ನಮ್ಮ ಕಡೆಯ ಮೆಕಾನಿಕ್ ಒಬ್ಬರ ಶೆಡ್ಡಿಗೆ ಕಾರು ಒಯ್ದೆ. ಮೀಟರು 1,03,000 ತೋರಿಸುತ್ತಿತ್ತು. ಅವರು ಗೇರ್‌ಬಾಕ್ಸಿನ ಅಳತೆ ಕಡ್ಡಿಯನ್ನು ಎಳೆದು ಬಿಳಿ ಬಟ್ಟೆಗೆ ಒರೆಸಿ ನನ್ನ ಮುಂದೆ ಹಿಡಿದರು. "ಹೊಸದಾಗಿದ್ದಾಗ ಇದು ಕೆಂಪಗೆ ಇರುತ್ತೆ ಸಾರ್. ಈಗ ನೋಡಿ, ಮೂಸಿಯೂ ನೋಡಿ" ಎಂದರು. ಬಟ್ಟೆಯ ಮೇಲೆ ಕಪ್ಪುಗಂದು ಕಲೆ. ಮೂಸಿದರೆ ಸೀದ ವಾಸನೆ.

ಆ ದಿನ ಅವರು ಹೇಳಿದ ಪಾಠವನ್ನು ನನಗೆ ಅರ್ಥವಾದ ಮಟ್ಟಿಗೆ ನಿಮಗೂ ಹೇಳುತ್ತೇನೆ. ಇಂಜಿನ್ನಿನ ಶಕ್ತಿ ಗೇರಿಗೆ ಹೋಗುವುದು ಟಾರ್ಕ್ ಕನ್ವರ್ಟರ್ ಎಂಬ ಮುಚ್ಚಿದ ಗಡಿಗೆಯಂಥ ಭಾಗದ ಮೂಲಕ. ಅದರೊಳಗೆ ಎದುರುಬದುರಾಗಿ ಎರಡು ಫ್ಯಾನುಗಳಿವೆ ಎಂದುಕೊಳ್ಳಿ. ಇಂಜಿನ್ ತಿರುಗಿಸುವ ಫ್ಯಾನು ಎಣ್ಣೆಯನ್ನು ಚಿಮ್ಮಿಸುತ್ತದೆ. ಆ ರಭಸಕ್ಕೆ ಇನ್ನೊಂದು ಫ್ಯಾನು ತಿರುಗುತ್ತದೆ. ಗೇರು ಬದಲಾಗುವಾಗ ಒಳಗಿನ ಕ್ಲಚ್ ಪ್ಲೇಟುಗಳನ್ನು ಒತ್ತಿ ಹಿಡಿಯುವುದೂ ಅದೇ ಎಣ್ಣೆಯ ಒತ್ತಡ. ಹಲ್ಲುಗಳು ಸವೆಯದಂತೆ ಕಾಯುವುದು, ಬಿಸಿಯನ್ನು ಹೊರಗೆ ಒಯ್ಯುವುದು ಕೂಡ ಅದರ ಕೆಲಸವೇ. ಪ್ಲೇಟುಗಳು ಎಳೆದಾಡದೆ ಮೆತ್ತಗೆ ಹಿಡಿಯಲೆಂದು ಎಣ್ಣೆಯಲ್ಲಿ ಕೆಲವು ಪದಾರ್ಥಗಳನ್ನು ಬೆರೆಸಿರುತ್ತಾರೆ. 1970ರ ದಶಕದ ಆರಂಭದವರೆಗೂ ಅಮೆರಿಕದಲ್ಲಿ ಇದಕ್ಕೆ ತಿಮಿಂಗಿಲದ ಎಣ್ಣೆಯನ್ನೇ ಬಳಸುತ್ತಿದ್ದರಂತೆ. ಅದಕ್ಕೆ ನಿಷೇಧ ಬಂದ ಮೇಲೆ ಬೇರೆ ರಾಸಾಯನಿಕ ಕಂಡುಹಿಡಿದರು. ಈ ಪದಾರ್ಥಗಳು ಬಿಸಿಗೆ ಸವೆಯುತ್ತವೆ. ಸುಮಾರು 80 ಡಿಗ್ರಿ ಬಿಸಿಯಲ್ಲಿ ಎಣ್ಣೆ ಬಹುಕಾಲ ಬಾಳುತ್ತದೆ. ಅಲ್ಲಿಂದ ಮೇಲೆ ಸುಮಾರು ಹತ್ತು ಡಿಗ್ರಿ ಏರಿದಂತೆಲ್ಲ ಅದರ ಆಯುಸ್ಸು ಅರ್ಧಕ್ಕಿಳಿಯುತ್ತದೆ ಎಂಬುದು ಮೆಕಾನಿಕ್‌ಗಳ ಸ್ಥೂಲ ಲೆಕ್ಕ. ಘಟ್ಟ ಹತ್ತುವಾಗ, ಅದರಲ್ಲೂ ಇಳಿಜಾರಿನಲ್ಲಿ ಬ್ರೇಕ್ ಹಿಡಿಯದೆ ಆಕ್ಸಿಲರೇಟರಿನಲ್ಲೇ ಕಾರನ್ನು ನಿಲ್ಲಿಸಿಕೊಂಡಾಗ, ಆ ಎಣ್ಣೆ ಒಳಗೆ ಬೇಯುತ್ತಿರುತ್ತದೆ. ಲಾರಿಯ ಹಿಂದೆ ನಾನು ಅಷ್ಟು ವರ್ಷ ಮಾಡಿದ್ದು ಅದನ್ನೇ.

"ಎಣ್ಣೆ ಬದಲಿಸಿದ್ರೆ ಗೇರು ಹೋಗುತ್ತೆ ಅಂತಾರಲ್ಲ?" ಎಂದು ಕೇಳಿದೆ. ಅವರು ನಕ್ಕರು. "ಗೇರು ಜಾರೋಕೆ ಶುರುವಾದ ಮೇಲೇ ಜನ ನನ್ನ ಹತ್ರ ಬರೋದು ಸಾರ್. ಅಷ್ಟೊತ್ತಿಗೆ ಪ್ಲೇಟು ಸವೆದಿರುತ್ತೆ. ಎಣ್ಣೆ ಬದಲಿಸಿದ ಮೇಲೆ ಅದು ಪೂರ್ತಿ ಹೋದ್ರೆ ತಪ್ಪು ಎಣ್ಣೆ ಮೇಲೆ." ಎಂದೂ ಬದಲಿಸದ ಹಳೆಯ ಗೇರ್‌ಬಾಕ್ಸನ್ನು ಯಂತ್ರದ ಒತ್ತಡದಿಂದ ತೊಳೆಯುವುದು ಮಾತ್ರ ಅಪಾಯ, ಎದ್ದ ಕೊಳೆ ಸಣ್ಣ ದಾರಿಗಳಲ್ಲಿ ಸಿಕ್ಕಿಕೊಳ್ಳಬಹುದು ಎಂದರು. ಕೆಳಗಿನ ಬೋಲ್ಟ್ ಬಿಚ್ಚಿ ಸುರಿಸಿದರೆ ಒಂದು ಸಲಕ್ಕೆ ಮೂರನೆಯ ಒಂದು ಭಾಗ, ಹೆಚ್ಚೆಂದರೆ ಅರ್ಧ ಎಣ್ಣೆ ಬರುತ್ತದೆ. ಉಳಿದದ್ದು ಕನ್ವರ್ಟರಿನಲ್ಲೂ ಪೈಪುಗಳಲ್ಲೂ ಉಳಿಯುತ್ತದೆ. ಆದ್ದರಿಂದ ಸುರಿಸಿ, ತುಂಬಿ, ಓಡಿಸಿ, ಮತ್ತೆ ಸುರಿಸಿ, ಹೀಗೆ ಮೂರು ಸಲ ಮಾಡಿದರು. ತಳದ ತಟ್ಟೆಯ ಆಯಸ್ಕಾಂತಕ್ಕೆ ಬೂದು ಬಣ್ಣದ ಹಿಟ್ಟು ಮೆತ್ತಿತ್ತು. "ಇಷ್ಟು ಸಹಜ. ಕಬ್ಬಿಣದ ಚೂರು ಸಿಕ್ಕಿದ್ರೆ ಭಯಪಡಬೇಕು. ಆದ್ರೆ ಗ್ಯಾರಂಟಿ ಕೊಡಲ್ಲ ಸಾರ್, ತಡವಾಗಿದೆ" ಎಂದರು.

ಕಾರಿನ ನಡುಕ ನಿಂತಿತು. ಘಟ್ಟದಲ್ಲಿ ಜಾರುವುದು ನಿಲ್ಲಲಿಲ್ಲ. ಎರಡೇ ತಿಂಗಳಲ್ಲಿ ಗೇರ್‌ಬಾಕ್ಸ್ ಬಿಚ್ಚಿಸಿ ಪ್ಲೇಟುಗಳನ್ನು ಬದಲಿಸಬೇಕಾಯಿತು. ಹತ್ತು ಹನ್ನೆರಡು ಸಾವಿರದಲ್ಲಿ ಮುಗಿಯಬೇಕಾದದ್ದು ಎಂಬತ್ತು ಸಾವಿರಕ್ಕೆ ಹೋಯಿತು. ಬಿಡಿಭಾಗ ಬರುವುದು ತಡವಾಗಿ ಆರು ವಾರ ಕಾರು ಶೆಡ್ಡಿನಲ್ಲೇ ನಿಂತಿತು. ಅಷ್ಟರಲ್ಲಿ ತಪಾಸಣೆಯ ದಿನ ಬಂತು. ತಾಳವಾಡಿಯಿಂದ ಸತ್ಯಮಂಗಲಕ್ಕೆ ಒಂದು ಬಸ್ಸು, ಅಲ್ಲಿಂದ ಕೊಯಮತ್ತೂರಿಗೆ ಇನ್ನೊಂದು. ಆ ನೂಕುನುಗ್ಗಲಿನಲ್ಲಿ ಮೆಟ್ಟಿಲು ಹತ್ತಲು ನನ್ನ ಕಾಲು ಒಪ್ಪುವುದಿಲ್ಲ. ನಾದಿನಿಯ ಮಗಳನ್ನು ಜೊತೆ ಮಾಡಿ ಕಳಿಸಿದೆ. ಅಂದು ಸಂಜೆಯವರೆಗೆ ಫೋನು ಹಿಡಿದು ಜಗಲಿಯ ಮೇಲೆ ಕುಳಿತಿದ್ದೆ. ರಿಪೋರ್ಟ್ ಸರಿಯಾಗಿತ್ತು, ದೇವರ ದಯೆ. ಆದರೆ ಐದು ವರ್ಷಗಳಲ್ಲಿ ಮೊದಲ ಸಲ ಅವಳು ಡಾಕ್ಟರ ಕೋಣೆಗೆ ನಾನಿಲ್ಲದೆ ಹೋಗಿದ್ದಳು.

ಆ ರಾತ್ರಿ ಎಲ್ಲವನ್ನೂ ಒಪ್ಪಿಕೊಂಡೆ. ಜುಲೈ ತಿಂಗಳಲ್ಲೇ ಗೊತ್ತಿತ್ತು ಎಂದೆ. "ನನಗೂ ಗೊತ್ತಿತ್ತು. ಪ್ರತಿ ತಿರುವಿನಲ್ಲೂ ಬಾಗಿಲ ಹಿಡಿ ಹಿಡ್ಕೊಂಡೇ ಕೂತಿರ್ತಿದ್ದೆ" ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಗಂಟು ಕೈಗೆ ಸಿಕ್ಕಿದ್ರೂ ನಾನು ಮೂರು ತಿಂಗಳು ಹೇಳಲಿಲ್ಲ ಅಂತ ಎಷ್ಟು ಬೈದಿದ್ರಿ ನೀವು?" ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ಆಮೇಲೆ ಕಾರಿನ ಪುಸ್ತಕ ತೆರೆದು ನೋಡಿದೆ. ಸಾಮಾನ್ಯ ಓಡಾಟಕ್ಕೆ ಬದಲಿಸುವ ಅಗತ್ಯವಿಲ್ಲ ಎಂದಿತ್ತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಗುಡ್ಡಗಾಡು, ಹೆಚ್ಚು ಭಾರ, ನಿಂತು ನಿಂತು ಓಡಾಟ ಇದ್ದರೆ ಇಷ್ಟು ಕಿಲೋಮೀಟರಿಗೆ ಬದಲಿಸಿ ಎಂದೂ ಇತ್ತು. ನಮ್ಮ ಓಡಾಟ ಆ ಸಣ್ಣ ಅಕ್ಷರದ್ದೇ.

ಪ್ರಿಯ ಓದುಗರೇ, ಇಂದು ನಮ್ಮ ಎಷ್ಟೋ ಮನೆಗಳಲ್ಲಿ ಆಟೋಮ್ಯಾಟಿಕ್ ಕಾರುಗಳಿವೆ. ಮೊದಲು ನಿಮ್ಮದು ಯಾವ ಬಗೆ ಎಂದು ತಿಳಿದುಕೊಳ್ಳಿ. ನನ್ನದರಂಥ ಟಾರ್ಕ್ ಕನ್ವರ್ಟರ್ ಗೇರಿಗೆ ಸಾಮಾನ್ಯವಾಗಿ 60 ಸಾವಿರದಿಂದ ಒಂದು ಲಕ್ಷದೊಳಗೆ, ಘಟ್ಟದ ಓಡಾಟವಿದ್ದರೆ 40ರಿಂದ 60 ಸಾವಿರದೊಳಗೆ ಎಣ್ಣೆ ಬದಲಿಸುವುದು ಕ್ಷೇಮ. ಸಿವಿಟಿ ಎಂಬ ಬಗೆಯಲ್ಲಿ ಎರಡು ರಾಟೆಗಳ ನಡುವೆ ಉಕ್ಕಿನ ಪಟ್ಟಿ ಓಡುತ್ತದೆ; ಅದಕ್ಕೆ ಹೇಳಿದ ಎಣ್ಣೆಯನ್ನು ಬಿಟ್ಟು ಬೇರೆ ಹಾಕಿದರೆ ಪಟ್ಟಿ ಜಾರಿ ಹಾಳಾಗುತ್ತದೆ. ಎಎಂಟಿ, ನಮ್ಮ ದೇಶದ ಸಣ್ಣ ಕಾರುಗಳಿಗೆ 2014ರಲ್ಲಿ ಬಂದದ್ದು. ಒಳಗಿರುವುದು ಮಾಮೂಲಿ ಗೇರ್‌ಬಾಕ್ಸೇ, ಕ್ಲಚ್ ಒತ್ತಿ ಗೇರು ಬದಲಿಸುವ ಕೆಲಸವನ್ನು ಮಾತ್ರ ಯಂತ್ರ ಮಾಡುತ್ತದೆ. ಅದಕ್ಕೆ ಬೇಕಾದದ್ದು ಬೇರೆಯೇ ಎಣ್ಣೆ. ಎರಡು ಕ್ಲಚ್ಚಿನ ಡಿಸಿಟಿ ಗೇರಿನಲ್ಲೂ ಎಣ್ಣೆಯಲ್ಲಿ ಮುಳುಗಿದ ಬಗೆ, ಒಣ ಬಗೆ ಎಂದು ಎರಡಿವೆ. ಯಾವುದಕ್ಕೂ ಕೊನೆಯ ಮಾತು ನಿಮ್ಮ ಕಾರಿನ ಪುಸ್ತಕದ್ದು. ಅದರ ಸಣ್ಣ ಅಕ್ಷರವನ್ನೂ ಓದಿ. ಹಳೆಯ ಕಾರು ಕೊಳ್ಳುವವರು ಎಣ್ಣೆ ಬದಲಿಸಿದ ರಸೀದಿ ಕೇಳಿ, ಇಲ್ಲದಿದ್ದರೆ ಬದಲಿಸಿಲ್ಲ ಎಂದೇ ತಿಳಿಯಿರಿ. ಮುಖ್ಯವಾಗಿ, ನಡುಗುವವರೆಗೆ, ಜಾರುವವರೆಗೆ ಕಾಯಬೇಡಿ.

ಈಗ ಕಾರು ಚೆನ್ನಾಗಿ ಓಡುತ್ತಿದೆ. ಸ್ಟಿಯರಿಂಗಿನ ಮೇಲಿನ ಬಿಸಿಲುತಡೆಗೆ ಒಂದು ರಟ್ಟಿನ ಚೂರು ಸಿಕ್ಕಿಸಿದ್ದೇವೆ. "ಗೇರ್ ಎಣ್ಣೆ: 1,46,000ಕ್ಕೆ, ಅಥವಾ 2028ರ ಜನವರಿ, ಯಾವುದು ಮೊದಲೋ ಅದು" ಎಂದು ಅದರಲ್ಲಿ ಬರೆದಿದೆ. ಅಕ್ಷರ ನನ್ನ ಹೆಂಡತಿಯದು. ಅದರ ಕೆಳಗೆ ತನ್ನ ಮುಂದಿನ ತಪಾಸಣೆಯ ತಾರೀಖನ್ನೂ ಅವಳೇ ಬರೆದಿಟ್ಟಿದ್ದಾಳೆ.