ಅಥೆನ್ಸಿನ ರಿಬ್ಬನ್ ಮಾರುವಾಕೆಯೂ ನಮ್ಮ ಮಡಗಾಂವ್ ಮಾರ್ಕೆಟ್ಟೂ

ಪ್ರಜಾಪ್ರಭುತ್ವ ಹುಟ್ಟಿದ್ದು ಗ್ರೀಸಿನ ಅಥೆನ್ಸಿನಲ್ಲಿ ಅಂತ ಓದಿ ಪಾಸಾದವರೇ ನಾವೆಲ್ಲ. ಟಿ.ಸಿ.ಎಚ್.ನಲ್ಲೂ ಅದೇ ಸಾಲು, ಬಿ.ಎ. ಇತಿಹಾಸದಲ್ಲೂ ಅದೇ ಸಾಲು. ಆದರೆ ಆ ಊರಲ್ಲಿ ಬೆಳಿಗ್ಗೆ ನೀರು ಯಾರು ತರುತ್ತಿದ್ದರು, ಹಿಟ್ಟು ಯಾರು ಬೀಸುತ್ತಿದ್ದರು, ಸಭೆಯಲ್ಲಿ ಕೈ ಎತ್ತುವವರು ಯಾರು ಅಂತ ಯಾವ ಪರೀಕ್ಷೆಯಲ್ಲೂ ಕೇಳಲಿಲ್ಲ. ಪಾಠ ಮಾಡಬೇಕಾಗಿ ಬಂದಾಗ ಒಂದಷ್ಟು ಹುಡುಕಿ ಓದಿದೆ. ಓದುತ್ತಾ ಹೋದಂತೆ ಇದು ದೂರದ ಕಥೆ ಅಲ್ಲ ಅನ್ನಿಸಿತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಗ್ರೀಕರು ತಮ್ಮ ನಗರ-ರಾಜ್ಯಕ್ಕೆ ‘ಪೋಲಿಸ್’ ಅನ್ನುತ್ತಿದ್ದರು. (ಈ ಮಾತು ಹೇಳಿದ ಕೂಡಲೇ ತರಗತಿ ಪೂರಾ ನಕ್ಕಿತು. ಪೊಲೀಸ್ ಅನ್ನೋ ಶಬ್ದದ ಮೂಲವೂ ಅದೇ ಅಂದಾಗ ಸುಮ್ಮನಾದರು.) ಅಥೆನ್ಸಿನ ಸಭೆಯಲ್ಲಿ ಮಾತಾಡುವ, ಮತ ಹಾಕುವ ಹಕ್ಕು ವಯಸ್ಸಿಗೆ ಬಂದ ಪೌರ ಗಂಡಸರಿಗೆ ಮಾತ್ರ. ಹೆಂಗಸರಿಗಿಲ್ಲ, ಗುಲಾಮರಿಗಿಲ್ಲ, ಹೊರಗಿನಿಂದ ಬಂದು ನೆಲೆಸಿದವರಿಗೂ ಇಲ್ಲ. ಕ್ರಿ.ಪೂ. 451ರಲ್ಲಿ ಪೆರಿಕ್ಲಿಸ್ ಒಂದು ಕಾನೂನು ತಂದ. ಅಪ್ಪ ಅಷ್ಟೇ ಅಲ್ಲ, ಅವ್ವನೂ ಅಥೆನ್ಸಿನವಳೇ ಆಗಿದ್ದರೆ ಮಾತ್ರ ಮಗ ಪೌರ. ಮಗನ ಹಕ್ಕಿಗೆ ಅವ್ವನ ಕುಲ ಬೇಕು, ಆದರೆ ಅವ್ವನಿಗೆ ಮತ ಬೇಡ! ನೋಡಿ, ಹೇಗಿದೆ ಲೆಕ್ಕ.

ಝೆನೊಫೋನ್ ಅನ್ನುವವನು ಮನೆವಾರ್ತೆ ಬಗ್ಗೆ ಬರೆದ ಪುಸ್ತಕದಲ್ಲಿ ಒಬ್ಬ ಗಂಡ ತನ್ನ ಹೆಂಡತಿಗೆ ಪಾಠ ಹೇಳುತ್ತಾನೆ. ಮದುವೆಯಾದಾಗ ಅವಳಿಗೆ ಇನ್ನೂ ಹದಿನೈದೂ ತುಂಬಿರಲಿಲ್ಲ. ಹೊರಗಿನ ಕೆಲಸ ಗಂಡಸಿಗೆ, ಒಳಗಿನದು ಹೆಂಗಸಿಗೆ ಅಂತ ದೇವರೇ ಹಂಚಿದ್ದಾನೆ ಅನ್ನೋದು ಅವನ ವಾದ. ಉಣ್ಣೆ ನೂಲುವುದು, ಮಗ್ಗದಲ್ಲಿ ನೇಯುವುದು, ಕಾಳುಕಡ್ಡಿ ಕಾಯುವುದು, ಆಳುಗಳಿಗೆ ಜಡ್ಡು ಬಂದರೆ ನೋಡಿಕೊಳ್ಳುವುದು ಎಲ್ಲ ಅವಳದೇ. ಆದರೆ ಒಂದು ಮೆಡಿಮ್ನೋಸ್, ಅಂದರೆ ಸುಮಾರು 52 ಲೀಟರ್ ಬಾರ್ಲಿಯ ಬೆಲೆ ಮೀರಿದ ವ್ಯವಹಾರವನ್ನು ಹೆಂಗಸು ತಾನಾಗಿ ಮಾಡುವಂತಿರಲಿಲ್ಲ. ಅಣ್ಣತಮ್ಮಂದಿರಿಲ್ಲದ ಮಗಳಿಗೆ ಅಪ್ಪನ ಆಸ್ತಿ ಬಂದರೆ, ಹತ್ತಿರದ ಗಂಡು ಸಂಬಂಧಿ ಅವಳನ್ನು ಮದುವೆ ಆಗಬಹುದಿತ್ತು. ಆಸ್ತಿ ಅವಳಿಗಲ್ಲ, ಅವಳ ಮೂಲಕ ಮುಂದಿನ ಗಂಡಿಗೆ.

ಎಲ್ಲ ಊರೂ ಹೀಗೇ ಇರಲಿಲ್ಲ. ಸ್ಪಾರ್ಟಾದಲ್ಲಿ ಹೆಣ್ಣುಮಕ್ಕಳು ಓಟ, ಕಸರತ್ತು ಮಾಡುತ್ತಿದ್ದರು. ಅಲ್ಲಿಯ ಭೂಮಿಯ ಐದರಲ್ಲಿ ಎರಡು ಪಾಲು ಹೆಂಗಸರ ಕೈಯಲ್ಲಿದೆ ಅಂತ ಅರಿಸ್ಟಾಟಲ್ ಗೊಣಗಿದ್ದಾನೆ. ಕ್ರೀಟ್ ದ್ವೀಪದ ಗೋರ್ಟಿನ್ ಊರಲ್ಲಿ ಕಲ್ಲಿನ ಮೇಲೆ ಕೆತ್ತಿದ ಕಾನೂನು ಇದೆ. ಅದರಲ್ಲಿ ಮಗನಿಗೆ ಎರಡು ಪಾಲು, ಮಗಳಿಗೆ ಒಂದು ಪಾಲು.

ಈಗ ನಮ್ಮ ಗೋವಾಕ್ಕೆ ಬನ್ನಿ. ಇಲ್ಲಿ ‘ಗಾಂವ್ಕಾರಿ’ ಅನ್ನುವ ಹಳೇ ಪದ್ಧತಿ ಇದೆ. ಪೋರ್ಚುಗೀಸರು ಅದನ್ನು ‘ಕೊಮುನಿದಾದ್’ ಅಂದರು. 1526ರಲ್ಲಿ ಅಫೊನ್ಸೊ ಮೆಶಿಯಾ ಎಂಬ ಅಧಿಕಾರಿ ಈ ಊರುಗಳ ರೂಢಿಗಳನ್ನು ಬರೆದಿಟ್ಟ. ಗದ್ದೆ ಎಲ್ಲ ಊರಿನದು. ಹರಾಜಿನಲ್ಲಿ ಗೇಣಿಗೆ ಕೊಡುವುದು, ಬಂದ ಹಣದಲ್ಲಿ ಬಾಂದು, ಕೆರೆ, ದೇವಸ್ಥಾನದ ಖರ್ಚು ತೆಗೆಯುವುದು, ಉಳಿದದ್ದನ್ನು ಗಾಂವ್ಕಾರರು ಹಂಚಿಕೊಳ್ಳುವುದು. ಆ ಪಾಲಿಗೆ ‘ಝೋಣ್’ ಅಂತ ಹೆಸರು. ಎಷ್ಟು ಚಂದದ ವ್ಯವಸ್ಥೆ ಅಲ್ಲವೇ? ಆದರೆ ಗಾಂವ್ಕಾರ ಅಂದರೆ ಮೂಲ ಮನೆತನಗಳ ಗಂಡು ಸಂತಾನ. ಗದ್ದೆಯಲ್ಲಿ ಬೆನ್ನು ಬಗ್ಗಿಸಿ ಸಸಿ ನೆಟ್ಟವಳಿಗೆ ಆ ಸಭೆಯಲ್ಲಿ ಜಾಗ ಇರಲಿಲ್ಲ. ಅಥೆನ್ಸ್ ಬೇರೆ, ಮಡಗಾಂವ್ ಬೇರೆ. ಬಾಗಿಲು ಮಾತ್ರ ಒಂದೇ ಥರ.

ಒಂದು ಒಳ್ಳೆಯ ಮಾತೂ ಹೇಳಬೇಕು. 1867ರ ಪೋರ್ಚುಗೀಸ್ ನಾಗರಿಕ ಸಂಹಿತೆ 1870ರಲ್ಲಿ ಗೋವಾದಲ್ಲಿ ಜಾರಿಗೆ ಬಂತು. ಅದರಲ್ಲಿ ಅಪ್ಪ ಅವ್ವನ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ನಮ್ಮ ಕರ್ನಾಟಕದಲ್ಲಿ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಬಂದದ್ದು 1994ರಲ್ಲಿ. ನೂರಕ್ಕೂ ಹೆಚ್ಚು ವರ್ಷದ ಅಂತರ!

ಇನ್ನು ನಾವು, ಘಟ್ಟ ಇಳಿದು ಬಂದ ಕನ್ನಡದವರು. ಅಥೆನ್ಸಿನಲ್ಲಿ ನಮ್ಮಂಥವರಿಗೆ ‘ಮೆಟಿಕ್’ ಅನ್ನುತ್ತಿದ್ದರು. ವರ್ಷಕ್ಕೆ ಗಂಡಸಿಗೆ 12 ದ್ರಾಖ್ಮಾ, ಒಂಟಿಯಾಗಿ ದುಡಿಯುವ ಹೆಂಗಸಿಗೆ 6 ದ್ರಾಖ್ಮಾ ತೆರಿಗೆ. ವಿಶೇಷ ಅನುಮತಿ ಇಲ್ಲದೆ ಮನೆ, ಜಮೀನು ಕೊಳ್ಳುವಂತಿಲ್ಲ. ಯುದ್ಧ ಬಂದರೆ ಮಾತ್ರ ಕರೆ ಬರುತ್ತಿತ್ತು. ಅರಿಸ್ಟಾಟಲ್‌ನಂಥ ಅರಿಸ್ಟಾಟಲ್ ಕೂಡ ಅಲ್ಲಿ ಮೆಟಿಕ್ಕೇ. ನಮಗೆ ಇಲ್ಲಿ ಸಂವಿಧಾನ ಇದೆ, ಮತ ಇದೆ, ಆ ಹೋಲಿಕೆ ಪೂರ್ತಿ ಸರಿಹೊಂದುವುದಿಲ್ಲ. ಆದರೂ ‘ಭಾಯ್ಲೆ’ ಅಂತ ಕರೆಸಿಕೊಂಡವರಿಗೆ ಆ ಪದದ ಭಾರ ಗೊತ್ತು.

ನನ್ನನ್ನು ತಟ್ಟಿದ್ದು ಒಂದು ಮೊಕದ್ದಮೆ. ಕ್ರಿ.ಪೂ. 346ರ ಸುಮಾರಿಗೆ ಅಥೆನ್ಸಿನಲ್ಲಿ ಪೌರರ ಪಟ್ಟಿಯ ತಪಾಸಣೆ ನಡೆದು ಯೂಕ್ಸಿಥಿಯೋಸ್ ಅನ್ನುವವನ ಹೆಸರನ್ನು ಹೊಡೆದುಹಾಕಿದರು. ವಿರೋಧಿಗಳ ಕಾರಣ ಎರಡು. ಅವನ ಅಪ್ಪ ಪರದೇಶಿಯ ಥರ ಮಾತಾಡುತ್ತಿದ್ದ. ಅವ್ವ ಮಾರ್ಕೆಟ್ಟಿನಲ್ಲಿ ರಿಬ್ಬನ್ ಮಾರುತ್ತಿದ್ದಳು, ಹಿಂದೆ ಬೇರೆಯವರ ಕೂಸಿಗೆ ಹಾಲೂಡಿಸಿದ್ದಳು. ಅವನಿಗಾಗಿ ಡೆಮೊಸ್ತನೀಸ್ ಬರೆದುಕೊಟ್ಟ ಭಾಷಣ ಇವತ್ತಿಗೂ ಉಳಿದಿದೆ. ಅಪ್ಪ ಯುದ್ಧದಲ್ಲಿ ಸೆರೆಸಿಕ್ಕು ಪರಊರಿಗೆ ಮಾರಾಟವಾಗಿದ್ದ, ಮಾತು ಕೆಟ್ಟದ್ದು ಅದಕ್ಕೆ. ಅವ್ವ ದುಡಿದದ್ದು ಬಡತನಕ್ಕೆ. ಮಾರ್ಕೆಟ್ಟಿನಲ್ಲಿ ದುಡಿಯುವ ಪೌರರನ್ನು, ಗಂಡಾಗಲಿ ಹೆಣ್ಣಾಗಲಿ, ಅದಕ್ಕಾಗಿ ಹೀಯಾಳಿಸುವುದೇ ಅಪರಾಧ ಅಂತ ಕಾನೂನೂ ಇದೆ ಅನ್ನುತ್ತಾನೆ. ಸೋತರೆ ಅವನು ಗುಲಾಮನಾಗಿ ಮಾರಾಟವಾಗಬೇಕಿತ್ತು. ತೀರ್ಪು ಏನಾಯಿತು ಅನ್ನುವ ದಾಖಲೆ ಉಳಿದಿಲ್ಲ.

ಇದನ್ನು ಹೇಳಿದ ದಿನ ತರಗತಿ ಯಾಕೋ ಬಹಳ ಶಾಂತವಾಗಿತ್ತು. ನಮ್ಮ ಮಕ್ಕಳು ಗದಗ, ಕೊಪ್ಪಳ, ಬಾಗಲಕೋಟೆ, ವಿಜಾಪುರ ಕಡೆಯವರು. ಅಂಗಡಿಯಲ್ಲಿ ಕೊಂಕಣಿ ಮಾತಾಡಿದರೆ ಧಾಟಿ ಮೇಲೆಯೇ ಗುರುತು ಹಿಡಿಯುತ್ತಾರೆ. ಹಿಂದಿನ ಬೆಂಚಿನ ಹುಡುಗಿ ಕೇಳಿದಳು: “ಅಕ್ಕೋರೆ, ಹಂಗಾರ ಆ ಅವ್ವ ಅವತ್ತು ಕೋರ್ಟಿಗೆ ಬಂದಿದ್ಲೇನ್ರಿ?”

ಬಂದಿರಲಿಕ್ಕಿಲ್ಲ. ಅಥೆನ್ಸಿನ ನ್ಯಾಯಾಲಯದಲ್ಲಿ ಹೆಂಗಸು ಸಾಕ್ಷಿ ಹೇಳುವಂತಿರಲಿಲ್ಲ. ಅವಳ ಬದುಕಿನ ಬಗ್ಗೆ ಮಾತಾಡಿದವರೆಲ್ಲ ಗಂಡಸರೇ. ಅಷ್ಟು ಹೇಳಿದ್ದಕ್ಕೆ ಹುಡುಗಿ, “ತನ್ನ ಮಾತು ತಾನ ಹೇಳಬೇಕಿತ್ರಿ” ಅಂದಳು.

ಆ ಹುಡುಗಿಯ ಅವ್ವ ನಸುಕಿನಲ್ಲೇ ಎದ್ದು, ಬೆಳಗಾವಿ ಕಡೆಯಿಂದ ಬರುವ ತರಕಾರಿ ಕೊಂಡು, ಮಧ್ಯಾಹ್ನದ ತನಕ ಬಿಸಿಲಲ್ಲಿ ಕೂತು ಮಾರುತ್ತಾಳೆ. ಸಂಜೆ ಅಡುಗೆ, ನೀರು, ಬಟ್ಟೆ ಮತ್ತೆ ಅವಳದೇ. ಝೆನೊಫೋನನ ಒಳಗೂ ಹೊರಗೂ ಎರಡೂ ಒಬ್ಬಳ ತಲೆಯ ಮೇಲೆ. ಹಬ್ಬದ ಮುಂಚೆ ವ್ಯಾಪಾರ ಜಾಸ್ತಿ ಇದ್ದಾಗ ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿಯುವವಳು ಹುಡುಗಿ. ಅಣ್ಣ ಶಾಲೆಗೆ ಬರುತ್ತಾನೆ. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಸಾಲಾಗಿ ‘ಗೈ’ ಬಿದ್ದಾಗ ನನಗೆ ಗ್ರೀಸು ಬಹಳ ಹತ್ತಿರ ಬಂದಂತೆ ಕಾಣುತ್ತದೆ.

ಮಕ್ಕಳ ಮಾಹಿತಿ ತುಂಬುವಾಗ ತಾಯಿಯ ಉದ್ಯೋಗ ಕೇಳಿದರೆ ಎಷ್ಟೋ ಮಕ್ಕಳ ಉತ್ತರ, “ಏನಿಲ್ರಿ, ಮನ್ಯಾಗ ಇರ್ತಾಳ್ರಿ.” ಯಾರೋ ಹೀಯಾಳಿಸುತ್ತಾರೆ ಅನ್ನುವ ಅಳುಕು. ಈ ಸಲ ನಾನು ಮತ್ತೊಮ್ಮೆ ಕೇಳಿದೆ. ಒಬ್ಬೊಬ್ಬರೇ ಬಾಯಿ ಬಿಟ್ಟರು. ತರಕಾರಿ, ಹೂವು, ಗೌಂಡಿ ಕೈಕೆಳಗೆ ಕೂಲಿ, ನಾಲ್ಕು ಮನೆಯ ಪಾತ್ರೆ. ಎಲ್ಲವನ್ನೂ ಇದ್ದ ಹಾಗೇ ಬರೆದೆ.

ಹಿಂದಿನ ಬೆಂಚಿನ ಹುಡುಗಿಯ ಸರದಿ ಬಂದಾಗ ಅವಳು ಎದ್ದು ನಿಂತು ಜೋರಾಗಿಯೇ ಹೇಳಿದಳು: “ಕಾಯಿಪಲ್ಲೆ ವ್ಯಾಪಾರ ರೀ.”