ಹೆಸರು ಹಾಕದ ಫೋಟೊ

ಬೋಳಾರದಲ್ಲಿ ಒಂದು ರಾತ್ರಿ ಆಟ. ಚೌಕಿಯಲ್ಲಿ ಬಣ್ಣದ ವೇಷದವರು ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖಕ್ಕೆ ಚುಟ್ಟಿ ಇಡುತ್ತಿದ್ದರು. ಗಂಟೆಗಟ್ಟಲೆ ಕೆಲಸ. ರಂಗಕ್ಕೆ ಬಂದಾಗ ಫೋಟೊ ತೆಗೆದೆ. ‘ಮಹಿಷಾಸುರ’ ಎಂದಷ್ಟೇ ಬರೆದು ಕಳಿಸಿದೆ. ಮರುದಿನ ಅವರ ಫೋನ್: “ಫೋಟೊ ಲಾಯ್ಕಾಗಿದೆ ಮಾರಾಯ್ರೆ. ಆದ್ರೆ ಅದು ನಾನು ಅಂತ ಮನೆಯವರಿಗೇ ಹೇಳ್ಬೇಕಾಯ್ತು.” ನನಗೆ ಉತ್ತರ ಬರಲಿಲ್ಲ.

ಆಮೇಲೊಮ್ಮೆ ಮೊಬೈಲಿನಲ್ಲಿ ಜಪಾನಿನ ಕಬುಕಿ ನಟರ ಚಿತ್ರಗಳನ್ನು ನೋಡಿದೆ. ಮರದ ಹಲಗೆಯಲ್ಲಿ ಕೆತ್ತಿ, ಒಂದೊಂದು ಬಣ್ಣಕ್ಕೆ ಒಂದೊಂದು ಅಚ್ಚು ಒತ್ತಿ ಮಾಡಿದವು. ಷರಾಕು ಎಂಬ ಕಲಾವಿದ 1794-95ರಲ್ಲಿ, ಸುಮಾರು 10 ತಿಂಗಳಲ್ಲಿ, 140ಕ್ಕೂ ಹೆಚ್ಚು ಚಿತ್ರ ಮಾಡಿದ. ವೇಷದೊಳಗಿನ ಮನುಷ್ಯನ ಮೂಗು, ದವಡೆ, ವಯಸ್ಸು ಎಲ್ಲ ಅದರಲ್ಲಿ ಕಾಣುತ್ತದೆ. ಬಟ್ಟೆಯ ಮೇಲೆ ನಟನ ಲಾಂಛನವೂ ಇರುತ್ತದೆ. ಹಾಗಾಗಿ ಆ ನಟರಲ್ಲಿ ಹೆಚ್ಚಿನವರು ಯಾರೆಂದು ಇಂದಿಗೂ ಗೊತ್ತು.

ನಮ್ಮ ಬಣ್ಣದ ವೇಷದಲ್ಲಿ ಮುಖವೇ ಮುಚ್ಚಿಹೋಗುತ್ತದೆ. ಉಳಿಯುವುದು ಹೆಸರು ಮಾತ್ರ. ಬೋಳಾರ ನಾರಾಯಣ ಶೆಟ್ಟರ ಹೆಸರಿನ ಜೊತೆ ಈ ಊರಿನ ಹೆಸರೂ ಯಕ್ಷಗಾನದಲ್ಲಿ ಉಳಿದಿದೆಯಲ್ಲ!

ಈಗ ಚೌಕಿಗೆ ಹೋದರೆ ಮೊದಲು ಪುಸ್ತಕ ತೆಗೆದು ಹೆಸರು ಬರೆದುಕೊಳ್ಳುತ್ತೇನೆ. ಕ್ಯಾಮೆರಾ ಆಮೇಲೆ. ನೀವೂ ಸ್ಟೇಟಸ್‌ಗೆ ವೇಷದ ಫೋಟೊ ಹಾಕುವಾಗ ಕೆಳಗೆ ಹೆಸರೊಂದು ಬರೆಯಿರಿ.