ಮಾದರಿ ವಿಮಾನದ ಬೆಲೆ

ಆಟದ ಸಾಮಾನು ಎಂಬ ಮಾತಿನ ಬಗ್ಗೆ ನಮ್ಮ ಹಿರಿಯರಲ್ಲಿ ಒಂದು ಬಗೆಯ ತಾತ್ಸಾರವುಂಟು. ಜಾತ್ರೆಯಲ್ಲಿ ಕೊಂಡು ಮನೆ ಸೇರುವುದರೊಳಗೆ ಮುರಿಯತಕ್ಕ ವಸ್ತು ಅದು. ಅದಕ್ಕೆ ತೆತ್ತ ಹಣ ಹೊಳೆಯಲ್ಲಿ ಕಿವುಚಿದ ಹುಣಿಸೆಹಣ್ಣು ಎಂಬುದು ಅವರ ಮತ. ಹೀಗಿರುವಾಗ, ಒಂದು ಪೆಟ್ಟಿಗೆ ಪ್ಲಾಸ್ಟಿಕ್ ತುಂಡುಗಳಿಗೆ ಐದು ಸಾವಿರ ರೂಪಾಯಿ ಎಂದು ಕೇಳಿದರೆ ಅವರು ಬೆಚ್ಚಿಬೀಳುವುದು ಸಹಜವೇ.

ಕಳೆದ ವರ್ಷ ಈ ವ್ಯಾಜ್ಯ ನನ್ನ ಮುಂದೆಯೇ ಬಂದಿತು. ತ್ರಿಪ್ಪುಣಿತ್ತುರದಲ್ಲಿ ನಾನು ಬಾಡಿಗೆಗಿರುವ ಬೀದಿಯಲ್ಲಿ ಉಡುಪಿಯ ಕಡೆಯ ಸಂಸಾರವೊಂದಿದೆ. ತಂದೆ ಹೋಟೆಲೊಂದರಲ್ಲಿ ಅಡುಗೆಯವರು. ಮಗ ನಿಮ್ಮ ವಯಸ್ಸಿನವನೇ. ಕೊಚ್ಚಿಯ ಸುತ್ತ ಬೆಳೆಯುವ ಹುಡುಗನಿಗೆ ವಿಮಾನದ ಹುಚ್ಚು ಹಿಡಿಯುವುದು ಆಶ್ಚರ್ಯವೇನಲ್ಲ. ನೌಕಾಪಡೆಯ ವಿಮಾನ ನೆಲೆ ‘ಗರುಡ’ 1953ರಿಂದ ಇಲ್ಲಿದೆ. ವಿಮಾನಗಳನ್ನು ಹೊತ್ತು ಸಾಗುವ ಹೊಸ ‘ವಿಕ್ರಾಂತ’ ನೌಕೆಯನ್ನು ಕಟ್ಟಿದ್ದೂ ಇದೇ ಊರಿನ ಹಡಗು ಕಾರ್ಖಾನೆಯಲ್ಲಿ; 2022ರ ಸೆಪ್ಟೆಂಬರ್ 2ರಂದು ಅದು ನೌಕಾಪಡೆಯನ್ನು ಸೇರಿತು. ಈ ಹುಡುಗನಿಗೆ ಬೇಕಾದದ್ದು ಜಪಾನಿನಲ್ಲಿ ತಯಾರಾದ, ನಿಜ ವಿಮಾನದ 48ರಲ್ಲೊಂದು ಅಳತೆಯ ‘ಸ್ಪಿಟ್‌ಫೈರ್’ ಮಾದರಿಯ ಕಿಟ್. ಹಬ್ಬಹರಿದಿನಗಳಲ್ಲಿ ಅಜ್ಜನೂ ಮಾವಂದಿರೂ ಕೊಟ್ಟ ಹಣವನ್ನು ಎರಡು ವರ್ಷ ಕೂಡಿಟ್ಟು ಮೂರು ಸಾವಿರ ಮಾಡಿದ್ದ. ಉಳಿದ ಎರಡು ಸಾವಿರಕ್ಕೆ ಅಪ್ಪನನ್ನು ಕೇಳಿದ.

“ಮಾಷ್ಟ್ರೇ, ನೀವೇ ಒಂದು ಮಾತು ಹೇಳಿ,” ಎಂದರು ಆ ತಂದೆ. “ಎರಡು ಸಾವಿರವೆಂದರೆ ನಾನು ಎರಡು ದಿನ ಒಲೆಯ ಮುಂದೆ ನಿಲ್ಲಬೇಕು. ಅಷ್ಟು ಕೊಟ್ಟರೂ ಆ ವಿಮಾನ ಹಾರುವುದಿಲ್ಲವಂತೆ!”

ಹಾರದ ವಿಮಾನಕ್ಕೆ ಅಷ್ಟು ಬೆಲೆ ಏಕೆ? ಪ್ಲಾಸ್ಟಿಕ್ಕಿನ ಬೆಲೆಯಂತೂ ಲೆಕ್ಕಕ್ಕೇ ಬಾರದು. ಬೆಲೆಯಿರುವುದು ಅಚ್ಚಿಗೆ. ವಸ್ತುಸಂಗ್ರಹಾಲಯದಲ್ಲಿ ಉಳಿದಿರುವ ನಿಜವಾದ ವಿಮಾನವನ್ನು ಅಳೆದು, ಹಳೆಯ ನಕ್ಷೆಗಳೊಡನೆ ತಾಳೆನೋಡಿ, ಉಕ್ಕಿನ ಗಟ್ಟಿಯಲ್ಲಿ ಕೂದಲೆಳೆಯಷ್ಟು ಸೂಕ್ಷ್ಮವಾಗಿ ಅದರ ರೂಪವನ್ನು ಕೊರೆಯಬೇಕು. ಕರಗಿದ ಪ್ಲಾಸ್ಟಿಕ್ಕನ್ನು ಆ ಅಚ್ಚಿನೊಳಕ್ಕೆ ಬಲವಾದ ಒತ್ತಡದಿಂದ ನುಗ್ಗಿಸಿದರೆ ಕ್ಷಣಮಾತ್ರದಲ್ಲಿ ಬಿಡಿಭಾಗಗಳು ಸಿದ್ಧ. ಮೊದಲ ಪೆಟ್ಟಿಗೆಯ ಹಿಂದೆ ಅಪಾರ ವೆಚ್ಚ, ಎರಡನೆಯದರ ಹಿಂದೆ ಬಿಡಿಕಾಸು. ಪಠ್ಯಪುಸ್ತಕದಂತೆ ಲಕ್ಷಗಟ್ಟಲೆ ಮಾರಾಟವಾಗುವ ವಸ್ತುವಾಗಿದ್ದರೆ ಆ ವೆಚ್ಚ ಹಂಚಿಹೋಗುತ್ತಿತ್ತು. ಕೊಳ್ಳುವವರು ವಿರಳವಾದುದರಿಂದ ಒಬ್ಬೊಬ್ಬನ ಪಾಲಿಗೂ ದೊಡ್ಡ ತುಂಡೇ ಬೀಳುತ್ತದೆ. ಅದರ ಮೇಲೆ ಸಾಗಣೆ, ಸುಂಕ, ಅಂಗಡಿಯವನ ಲಾಭ.

ಹೀಗೆ ತೆತ್ತ ಹಣಕ್ಕೆ ದೊರೆಯುವುದೂ ಉಂಟು. ಒಳ್ಳೆಯ ಹೊಸ ಕಿಟ್ಟಿನಲ್ಲಿ ರೆಕ್ಕೆಯು ಒಡಲಿಗೆ ಸಂದಿಲ್ಲದಂತೆ ಕೂಡುತ್ತದೆ. ತಗಡುಗಳು ಸೇರುವ ಗೆರೆ ನಿಜ ವಿಮಾನದಲ್ಲಿರುವಂತೆ ಸಣ್ಣಗೆ ಒಳಕ್ಕೆ ತಗ್ಗಿರುತ್ತದೆ. ಹಳೆಯ ಕಾಲದ ಎಷ್ಟೋ ಕಿಟ್ಟುಗಳಲ್ಲಿ ಆ ಗೆರೆ ಬೆತ್ತದ ಬಾಸುಂಡೆಯಂತೆ ಮೇಲಕ್ಕೆದ್ದಿರುತ್ತಿತ್ತು. (ಪೆಟ್ಟಿಗೆಯ ಮೇಲಿನ ಚಿತ್ರ ಹೊಸದಾದ ಮಾತ್ರಕ್ಕೆ ಒಳಗಿನ ಅಚ್ಚು ಹೊಸದೆಂದು ನಂಬಬೇಡಿರಿ. ಹಲವು ದಶಕಗಳ ಹಿಂದಿನ ಅಚ್ಚೇ ಹೊಸ ಅಂಗಿ ತೊಟ್ಟು ಬರುವುದುಂಟು.)

ಆದುದರಿಂದ ಕೇಳಿದ ಬೆಲೆ ಮೋಸದ್ದಲ್ಲವೆಂದು ಆ ತಂದೆಗೆ ಹೇಳಿದೆ. ಆದರೆ ಹುಡುಗ ಅದನ್ನು ಈಗಲೇ ಕೊಳ್ಳುವುದು ನನಗೆ ಒಪ್ಪಿಗೆಯಾಗಲಿಲ್ಲ. ದುಬಾರಿ ಕಿಟ್ಟಿನಲ್ಲಿ ನಾವು ಕೊಳ್ಳುವುದು ತಿದ್ದುವ ಶ್ರಮದಿಂದ ಬಿಡುಗಡೆಯನ್ನು. ಸೊಟ್ಟಗಾದ ಸಂದನ್ನು ಒಮ್ಮೆಯೂ ಉಜ್ಜಿ ಸರಿಪಡಿಸದವನಿಗೆ ಸರಿಯಾದ ಸಂದಿನ ಬೆಲೆ ತಿಳಿಯುವ ಬಗೆ ಹೇಗೆ? ಅಲ್ಲದೆ ಅಂಟು, ಬಣ್ಣ, ಕುಂಚ, ಚೂರಿ ಇವೆಲ್ಲ ಸಾಮಾನ್ಯವಾಗಿ ಪೆಟ್ಟಿಗೆಯಲ್ಲಿ ಇರುವುದಿಲ್ಲ. ಐದು ಸಾವಿರವೆಂದದ್ದು ಏಳಾಗುವುದಕ್ಕೆ ತಡವಿಲ್ಲ. ಮೊದಲು ಅಗ್ಗದ ಸಣ್ಣ ಕಿಟ್ಟೊಂದನ್ನು ಕೊಳ್ಳಲಿ ಎಂದೆ.

ಹುಡುಗ ಸುಮ್ಮನಾಗಲಿಲ್ಲ. “ಸರ್, ಅಗ್ಗದ್ದನ್ನು ಕೊಂಡು ಹಾಳುಮಾಡಿದರೆ ಅದೂ ದಂಡವಲ್ಲವೇ?”

ಪ್ರಶ್ನೆ ನ್ಯಾಯವಾದದ್ದೇ. ಅವನಿಗೆ ನಾನು 1942ರ ಒಂದು ಸಂಗತಿಯನ್ನು ಹೇಳಿದೆ. ಎರಡನೆಯ ಮಹಾಯುದ್ಧದ ಆ ವರ್ಷ, ಆಕಾಶದಲ್ಲಿ ಕಾಣುವ ವಿಮಾನ ನಮ್ಮದೋ ಶತ್ರುವಿನದೋ ಎಂದು ಗುರುತಿಸಲು ಸೈನಿಕರಿಗೆ ಕಲಿಸಬೇಕಾಗಿತ್ತು. ಅದಕ್ಕಾಗಿ ಅಮೆರಿಕದ ನೌಕಾಪಡೆ ಐದು ಲಕ್ಷ ಮಾದರಿ ವಿಮಾನಗಳನ್ನು ಮಾಡಿಕೊಡಿರೆಂದು ಆ ದೇಶದ ಶಾಲಾ ಮಕ್ಕಳನ್ನು ಕೇಳಿತು. ಪ್ಲಾಸ್ಟಿಕ್ಕಿನದಲ್ಲ, ಮರದ್ದು. ಅಳತೆ 72ರಲ್ಲೊಂದು, ಎಂದರೆ ಆರಡಿಗೆ ಒಂದಂಗುಲ. ಮಕ್ಕಳು ನಕ್ಷೆಗೆ ಹಿಡಿದು ಹಿಡಿದು ನೋಡಿ ಕೆತ್ತಿದರು. ಅಳತೆ ತಪ್ಪಿದ ಮಾದರಿ ಸೈನಿಕನ ಕಣ್ಣನ್ನೇ ತಪ್ಪಿಸಬಹುದಾಗಿದ್ದರಿಂದ ಅದು ಆಟವಾಗಿರಲಿಲ್ಲ.

“ನಾನು ಯಾವುದನ್ನು ಕೆತ್ತಲಿ?” ಎಂದ ಹುಡುಗ. ‘ಮಾರುತ’ ಎಂದೆ. ಭಾರತದಲ್ಲಿ ರೂಪುಗೊಂಡ ಮೊದಲ ಜೆಟ್ ಯುದ್ಧವಿಮಾನ ಅದು. ಜರ್ಮನಿಯ ಕುರ್ಟ್ ಟ್ಯಾಂಕ್ ಎಂಬ ಶಿಲ್ಪಿಯ ಮುಂದಾಳ್ತನದಲ್ಲಿ ನಮ್ಮ ಬೆಂಗಳೂರಿನ ಕಾರ್ಖಾನೆಯಲ್ಲಿ ತಯಾರಾಗಿ, 1961ರ ಜೂನ್ 17ರಂದು ಮೊದಲು ಹಾರಿತು. 1971ರ ಯುದ್ಧದಲ್ಲಿ ಪಾಲ್ಗೊಂಡಿತು. ಬೆಂಗಳೂರಿಗೆ ಹೋದವರು ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಲ್ಲಿ ಅದನ್ನು ನೋಡಬಹುದು. ನಾನು ಸುತ್ತಾಡಿದ ಅಂಗಡಿಗಳಲ್ಲಿ ಸ್ಪಿಟ್‌ಫೈರ್ ಎಷ್ಟೋ ಬಗೆಯದು ಕಂಡಿತು, ಮಾರುತ ಒಂದೂ ಕಾಣಲಿಲ್ಲ. ಅದರ ರೆಕ್ಕೆಯ ಹರವು 9 ಮೀಟರು, ಉದ್ದ 15.87 ಮೀಟರು. ಎರಡನ್ನೂ 72ರಿಂದ ಭಾಗಿಸು ಎಂದು ಹುಡುಗನಿಗೆ ಕಾಗದ ಕೊಟ್ಟೆ. ಹನ್ನೆರಡೂವರೆ ಸೆಂಟಿಮೀಟರು ಹರವು, ಇಪ್ಪತ್ತೆರಡು ಉದ್ದ. ಅಂಗೈಮೇಲೆ ಇಡಬಹುದಾದ ವಿಮಾನ.

ಬಡಗಿಯ ಅಂಗಡಿಯಿಂದ ಮೆದುಮರದ ತುಂಡು ತಂದುಕೊಟ್ಟವರು ತಂದೆಯೇ. ಚೂರಿಗೆ ಸಾಣೆ ಹಿಡಿಯುವುದನ್ನೂ, ಬೆರಳು ಕೊಯ್ದುಕೊಳ್ಳದಂತೆ ಅಲಗನ್ನು ನಡೆಸುವುದನ್ನೂ ಅವರೇ ಕಲಿಸಿದರು. ದಿನಕ್ಕೆ ಮಣಗಟ್ಟಲೆ ತರಕಾರಿ ಹೆಚ್ಚಿದ ಆ ಕೈಯ ಮುಂದೆ ನನ್ನ ಪುಸ್ತಕಜ್ಞಾನ ಏನೂ ಅಲ್ಲ. ರಾತ್ರಿ ಹೋಟೆಲಿನಿಂದ ಬಂದ ಮೇಲೆ, ಕಾಲು ನೋಯುತ್ತಿದ್ದರೂ, ಆ ದಿನ ಎಷ್ಟು ಕೆಲಸವಾಯಿತೆಂದು ದೀಪದ ಹತ್ತಿರ ಹಿಡಿದು ನೋಡುತ್ತಾರಂತೆ. ಹಾರುವುದಿಲ್ಲವೆಂಬ ಆಕ್ಷೇಪಣೆ ಈಗ ಕೇಳಿಬರುತ್ತಿಲ್ಲ.

ಮೂರು ಸಾವಿರ ರೂಪಾಯಿ ಅಂಚೆ ಕಚೇರಿಯ ಖಾತೆಯಲ್ಲಿದೆ. ಮಾರುತದ ಎಡರೆಕ್ಕೆ ಬಲರೆಕ್ಕೆಗಿಂತ ತುಸು ದಪ್ಪವೆಂಬುದನ್ನು ಹುಡುಗ ತಾನೇ ಕಂಡುಹಿಡಿದು ಉಪ್ಪುಕಾಗದದಿಂದ ಉಜ್ಜುತ್ತಿದ್ದಾನೆ. ಬರುವ ಬೇಸಗೆಗೆ ಸ್ಪಿಟ್‌ಫೈರ್ ಬೇಕೆಂಬ ಹಟವನ್ನು ಬಿಟ್ಟಿಲ್ಲ. ಆಗ ಅವನ ಪರವಾಗಿ ಆ ಎರಡು ಸಾವಿರವನ್ನು ತಂದೆಯಲ್ಲಿ ನಾನೇ ಕೇಳಬೇಕೆಂದಿದ್ದೇನೆ.